ಹಳೇ ಪ್ರಿಂಟರ್‌ನ ಸೆನ್ಸರ್ ಸುತ್ತು ಎಣಿಸಲಿಲ್ಲ, ಯಾಕೆ?

ಟ್ರಾನ್ಸ್‌ಫಾರ್ಮರ್‌ಗೆ ತಂತಿ ಸುತ್ತಲು ಒಂದು ಪುಟ್ಟ ಕೈಯಂತ್ರ ಮಾಡಿಕೊಂಡಿದ್ದೇನೆ. 500-600 ಸುತ್ತು ಬಾಯಲ್ಲೇ ಎಣಿಸಬೇಕು. ಮಧ್ಯೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿತು ಅಂತಲೇ. ಎಣಿಸುವ ಕೆಲಸ ಆರ್ಡುಯಿನೋ ಊನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಬಿಡೋಣ ಅಂದುಕೊಂಡೆ.

ಕೆಟ್ಟ ಪ್ರಿಂಟರ್‌ನಿಂದ ಕಿತ್ತಿಟ್ಟ ಸೆನ್ಸರ್ ಮನೆಯಲ್ಲೇ ಇತ್ತು. ನಡುವೆ ಸಂದು ಇರುವ ಕಪ್ಪು ಪ್ಲಾಸ್ಟಿಕ್ ತುಂಡು. ಒಂದು ಗೋಡೆಯೊಳಗೆ ಇನ್‌ಫ್ರಾರೆಡ್ ಎಲ್‌ಇಡಿ, ಎದುರು ಗೋಡೆಯೊಳಗೆ ಫೋಟೋಟ್ರಾನ್ಸಿಸ್ಟರ್, ಅಂದರೆ ಬೆಳಕು ಬಿದ್ದಾಗ ಕರೆಂಟ್ ಹರಿಯಬಿಡುವ ಭಾಗ. ಸುತ್ತಿಗೊಮ್ಮೆ ಸಂದಿನಲ್ಲಿ ಬೆಳಕಿಗೆ ಅಡ್ಡ ಬಂದರೆ ಅದೇ ಒಂದು ಎಣಿಕೆ. ನಾಲ್ಕು ಕಾಲು, ಮೇಲೆ ನಂಬರ್ ಇಲ್ಲ. ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ ಒಂದೊಂದೇ ಜೋಡಿ ಕಾಲು ಮುಟ್ಟಿಸಿದೆ. ಒಂದು ಜೋಡಿ 1.1 ತೋರಿಸಿತು. ಅದೇ ಎಲ್‌ಇಡಿ. ಉಳಿದೆರಡರಲ್ಲಿ ಯಾವುದು ಕಲೆಕ್ಟರ್ (ಕರೆಂಟ್ ಒಳಬರುವ ಕಾಲು), ಯಾವುದು ಎಮಿಟರ್ (ಹೊರಹೋಗುವ ಕಾಲು) ಅಂತ ಸುಮ್ನೆ ಅಂದಾಜಿನಲ್ಲಿ ಜೋಡಿಸಿದೆ.

ಯಂತ್ರ ತಿರುಗಿಸಿದರೆ ಎಣಿಕೆ 0 ಬಿಟ್ಟು ಕದಲಲಿಲ್ಲ. ಎರಡು ಸಂಜೆ ಕೋಡ್ ತಿದ್ದುತ್ತಾ ಕೂತೆ. ಮೂರನೇ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮೀಟರ್ ಹಿಡಿದೆ.

ಎಲ್‌ಇಡಿ ಸಾಲಿನ 330 ಓಮ್ ರೆಸಿಸ್ಟರ್ ಮೇಲೆ ಅಳೆದರೆ ಸೊನ್ನೆ ವೋಲ್ಟ್. ಕರೆಂಟೇ ಹರಿಯುತ್ತಿಲ್ಲ! ಬೆಸುಗೆ ಇಲ್ಲದೆ ಬಿಡಿಭಾಗ ಸಿಕ್ಕಿಸುವ ನನ್ನ ಉದ್ದನೆಯ ಬ್ರೆಡ್‌ಬೋರ್ಡ್‌ನ ಪವರ್ ಸಾಲು ನಡುವೆ ತುಂಡಾಗಿತ್ತು. ಕೆಲವು ಬೋರ್ಡ್‌ಗಳು ಬರುವುದೇ ಹಾಗೆ, ಕೆಂಪು ಗೆರೆಯೂ ಅಲ್ಲಿ ಬಿಟ್ಟುಹೋಗಿರುತ್ತದೆ. ಎರಡೂ ತುಂಡು ಸೇರಿಸಲು ಒಂದು ಜಂಪರ್ ತಂತಿ ಹಾಕಿದೆ. ಈಗ 3.8 ವೋಲ್ಟ್, ಅಂದರೆ ಸುಮಾರು 11.5 ಮಿಲಿಆಂಪ್. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದೆ. ಸಂದಿನೊಳಗೆ ನೇರಳೆ ಚುಕ್ಕಿ ಮಿಣುಕುತ್ತಿತ್ತು.

ಆದರೂ ಎಣಿಕೆ ಇಲ್ಲ. ಔಟ್‌ಪುಟ್ ಅಳೆದೆ. ಸಂದಿಗೆ ಕಪ್ಪು ರಟ್ಟು ತೂರಿಸಿದಾಗ 5 ವೋಲ್ಟ್, ತೆಗೆದಾಗ 3.4. ಬೆಳಕು ತಲುಪುತ್ತಿದೆ, ಆದರೆ ಅರೆಬರೆ ಉತ್ತರ. 5 ವೋಲ್ಟ್‌ನಲ್ಲಿ ಓಡುವ ಊನೋ ಖಚಿತವಾಗಿ 'ಲೋ' ಅಂತ ಓದಬೇಕಾದರೆ 1.5ಕ್ಕಿಂತ ಕೆಳಗಿಳಿಯಬೇಕು. ಔಟ್‌ಪುಟ್ಟನ್ನು 5 ವೋಲ್ಟ್‌ ಕಡೆಗೆ ಎಳೆದಿಡುವ 10 ಕೆ (ಕಿಲೋಓಮ್) ಪುಲ್‌ಅಪ್ ರೆಸಿಸ್ಟರ್ ತೆಗೆದು 22 ಕೆ ಹಾಕಿದೆ. ಸರಿಯಾಗಿ 1.5ರ ಆಸುಪಾಸಿಗೆ ಬಂತು. ಕೆಲವು ಸುತ್ತು ಎಣಿಸಿತು, ಕೆಲವು ಬಿಟ್ಟಿತು. ಇನ್ನೂ ದೊಡ್ಡ ರೆಸಿಸ್ಟರ್ ಹಾಕಿದ್ದರೆ ಓಡುತ್ತಿತ್ತೇನೋ. ಅದು ತೇಪೆ ಹಚ್ಚಿದಂತೆ ಅನ್ನಿಸಿತು, ನನಗೆ ಒಪ್ಪಿಗೆಯಾಗಲಿಲ್ಲ.

ಮತ್ತೆ 10 ಕೆ ಹಾಕಿ, ಟ್ರಾನ್ಸಿಸ್ಟರ್‌ನ ಎರಡು ಕಾಲು ಅದಲು ಬದಲು ಮಾಡಿದೆ. ರಟ್ಟು ಇಲ್ಲದಾಗ 0.15, ಇದ್ದಾಗ 4.9! ಕಲೆಕ್ಟರ್, ಎಮಿಟರ್ ತಿರುಗಾಮುರುಗಾ ಆದರೂ ಫೋಟೋಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಿರುವುದಿಲ್ಲ. ಆದರೆ ಅದರ ಗೇನ್, ಅಂದರೆ ಕರೆಂಟ್ ಹಿಗ್ಗಿಸುವ ಶಕ್ತಿ, ತುಂಬಾ ಕಡಿಮೆಯಾಗುತ್ತದೆ. ಅದಕ್ಕೇ ಅಷ್ಟು ದಾರಿ ತಪ್ಪಿಸಿದ್ದು. 5 ವೋಲ್ಟ್, 10 ಕೆ ಇದ್ದಾಗ ಹೀಗೆ ಬದಲಿಸಿ ನೋಡಲು ಹೆದರಬೇಕಿಲ್ಲ. ಅರ್ಧ ಮಿಲಿಆಂಪ್‌ಗಿಂತ ಜಾಸ್ತಿ ಹರಿಯುವುದೇ ಇಲ್ಲ.

ನಿಧಾನ ತಿರುಗಿಸಿದಾಗ ಒಂದೇ ಸುತ್ತಿಗೆ ಎರಡು ಎಣಿಸುತ್ತಿತ್ತು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ 74ಎಚ್‌ಸಿ14 ಸ್ಮಿಟ್ ಟ್ರಿಗರ್ ಚಿಪ್ (ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಒಂದೇ ಚೊಕ್ಕ ಬದಲಾವಣೆಯಾಗಿಸುವುದು) ನಡುವೆ ಹಾಕಿದ ಮೇಲೆ ಅದೂ ನಿಂತಿತು. ಗಟ್ಟಿಯಾಗಿ ಎಣಿಸುತ್ತಾ 100 ಸುತ್ತು ತಿರುಗಿಸಿದೆ, ಪರದೆಯ ಮೇಲೂ 100. ಆಮೇಲೆ ಸೆನ್ಸರ್‌ಗೆ ಬಿಳಿ ಟೇಪ್ ಅಂಟಿಸಿ, ನಾಲ್ಕು ಕಾಲಿನ ಹೆಸರನ್ನೂ ಪೆನ್ನಿನಲ್ಲಿ ಬರೆದಿಟ್ಟೆ.