ಹಳೇ ಕುರ್ಚಿ-ಮೇಜಿಗೆ ಮನೆಯಲ್ಲೇ ಪಾಲಿಶ್, ಬಣ್ಣ

ಅಟ್ಟದಿಂದ ಇಳಿಸಿದ ಕುರ್ಚಿಯನ್ನು ಕೂಡಲೇ ಉಜ್ಜಲು ಕೂರಬೇಡಿ. ಅದರ ಮೈಮೇಲೆ ಈಗ ಏನಿದೆ ಎಂದು ಗೊತ್ತಾದರೆ ಏನು ಮಾಡಬೇಕು, ಏನು ಬೇಡ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಸೀಟಿನ ಅಡಿಭಾಗದಂಥ ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೈ ಅಂಟಂಟಾಗಿ, ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಕರಗಿದರೆ ಎನ್‌ಸಿ ಲ್ಯಾಕರ್ ಎಂಬ ಮೆರುಗು. ಥಿನ್ನರ್ ತಾಗಿ ಸುಕ್ಕುಗಟ್ಟಿ ಎದ್ದರೆ ಎನಾಮೆಲ್ ಅಥವಾ ಎಣ್ಣೆ ವಾರ್ನಿಶ್. ಎರಡಕ್ಕೂ ಅಲ್ಲಾಡದಿದ್ದರೆ ಬಹುಮಟ್ಟಿಗೆ ಮೆಲಮೈನ್ ಇಲ್ಲವೇ ಪಿಯು (ಪಾಲಿಯುರಿಥೇನ್) ಎಂಬ ಗಟ್ಟಿ ಮೆರುಗು.

ಫ್ರೆಂಚ್ ಪಾಲಿಶ್ ಆಗಿದ್ದರೆ ನೀವು ಅದೃಷ್ಟವಂತರು. ಹೊಸ ಅರಗು ಹಳೇ ಅರಗನ್ನು ಕರಗಿಸಿಕೊಂಡು ಒಂದೇ ಪದರವಾಗುವುದರಿಂದ ಪೂರ್ತಿ ಕೆರೆದು ತೆಗೆಯುವ ಅಗತ್ಯವೇ ಇಲ್ಲ. ಕೊಳೆ ತೆಗೆದು, 320 ನಂಬರಿನ ಉಪ್ಪುಕಾಗದದಿಂದ (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಹಗುರವಾಗಿ ಉಜ್ಜಿ ಮೇಲೆ ಹೊಸ ಕೋಟು ಕೊಟ್ಟರೆ ಸಾಕು.

ಕೊಳೆ ಎಂದರೆ ಧೂಳು ಮಾತ್ರವಲ್ಲ. ನಮ್ಮ ಕಡೆಯ ಹಳೇ ಆರಾಮಕುರ್ಚಿಗಳಲ್ಲಿ ತಲೆ ಒರಗುವ ಜಾಗಕ್ಕೆ ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಇಳಿದಿರುತ್ತದೆ. ಅದನ್ನು ಬಿಟ್ಟು ಬಣ್ಣ ಬಳಿದರೆ ಆ ಜಾಗ ಮಾತ್ರ ಒಣಗುವುದೇ ಇಲ್ಲ, ಅಥವಾ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ. ಸೋಪಿನ ನೀರಿಗೆ ಇದು ಹೋಗದು. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ; ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವವರೆಗೆ. ಹಿಂದೆ ಮೇಣದ ಪಾಲಿಶ್ ಹಚ್ಚಿದ್ದರೂ ಇದೇ ಉಪಾಯ.

ಹಳೇ ಬಣ್ಣ ಇದ್ದರೆ ಒಂದು ಎಚ್ಚರಿಕೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಮೊದಲಿನ ಎನಾಮೆಲ್‌ನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇದ್ದೇ ಇದೆ ಎಂದುಕೊಂಡು ಕೆಲಸ ಮಾಡಿ. ಒಣ ಬಣ್ಣವನ್ನು ಹಾಗೇ ಉಜ್ಜಬೇಡಿ, ಹೀಟ್ ಗನ್ ಹಿಡಿಯಬೇಡಿ. ಪೇಂಟ್ ರಿಮೂವರನ್ನು ಬ್ರಷ್‌ನಿಂದ ದಪ್ಪಗೆ ಒಂದೇ ದಿಕ್ಕಿನಲ್ಲಿ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, 15 ನಿಮಿಷ ಬಿಟ್ಟು ಕೆರೆಯಿರಿ. ಕೆಲಸ ಬಯಲಲ್ಲೇ ಆಗಬೇಕು, ಕೈಗೆ ದಪ್ಪ ಗ್ಲೌಸ್ ಬೇಕು, ಮಕ್ಕಳು ಹತ್ತಿರ ಬರಬಾರದು. ಕೆರೆದದ್ದನ್ನು ಪೇಪರಿನಲ್ಲಿ ಸುತ್ತಿ ತೆಗೆಯಿರಿ, ಅಂಗಳಕ್ಕೆ ಗುಡಿಸಬೇಡಿ. ಕಾಸ್ಟಿಕ್ ಸೋಡಾ ಅಗ್ಗ, ಬೇಗ ಬಣ್ಣ ಬಿಡಿಸುತ್ತದೆ ಎಂದು ಪೇಂಟರುಗಳು ಹೇಳುವುದುಂಟು. ನಿಜ, ಜೊತೆಗೆ ತೇಗವನ್ನು ಕಪ್ಪು ಮಾಡುತ್ತದೆ, ಜಾಯಿಂಟಿನ ಗೋಂದನ್ನೂ ಬಿಡಿಸುತ್ತದೆ.

ರಿಪೇರಿ ಪಾಲಿಶ್‌ಗಿಂತ ಮೊದಲೇ ಮುಗಿಯಬೇಕು. ಅಲುಗಾಡುವ ಕಾಲಿಗೆ ಮೊಳೆ ಹೊಡೆಯುವುದು ಬೇಡ; ಮರ ಸೀಳುತ್ತದೆ, ತುಕ್ಕು ಹಿಡಿದು ಸುತ್ತ ಕರಿ ಕಲೆ ಬಿಡುತ್ತದೆ. ಜಾಯಿಂಟ್ ಬಿಚ್ಚಿ, ಹಳೇ ಗೋಂದನ್ನು ಮರ ಕಾಣುವ ತನಕ ಕೆರೆದು, ಫೆವಿಕಾಲ್ ಹಚ್ಚಿ, ಹಗ್ಗ ಸುತ್ತಿ ನಡುವೆ ಕೋಲು ಸಿಕ್ಕಿಸಿ ತಿರುಚಿ ಬಿಗಿದು 24 ಗಂಟೆ ಬಿಡಿ. ಹಳೇ ಗೋಂದಿನ ಮೇಲೆ ಹೊಸದು ಕಚ್ಚುವುದಿಲ್ಲ. ಕೂಡಿಸಿದ ಕಾಲು ಮತ್ತೆ ಮತ್ತೆ ಸಡಿಲವಾಗುವುದಕ್ಕೆ ಇದೇ ಕಾರಣ. ಹಳೇ ಮೊಳೆಯ ಕರಿ ಕಲೆಗೆ ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿ, ಒಣಗಿದ ಮೇಲೆ ಎರಡು-ಮೂರು ಸಲ ನೀರಿನಿಂದ ಚೆನ್ನಾಗಿ ತೊಳೆಯಿರಿ. ಈ ಆಸಿಡ್ ವಿಷ. ಉಳಿದ ಪುಡಿ ಉಜ್ಜುವಾಗ ಮೂಗಿಗೆ ಹೋಗಬಾರದು.

ಸಣ್ಣ ತೂತುಗಳಿಂದ ಹಿಟ್ಟು ಉದುರುತ್ತಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಹುಳುವಿನ ಔಷಧಿಯನ್ನು ಸಿರಿಂಜಿನಿಂದ ತೂತಿಗೆ ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಮೂರು-ನಾಲ್ಕು ದಿನ ಇಡಿ. ಬಿಚ್ಚಿದ ಮೇಲೆ ವಾಸನೆ ಪೂರ್ತಿ ಹೋಗುವ ತನಕ ಗಾಳಿಗೆ ಬಿಟ್ಟೇ ಮುಂದುವರಿಯಿರಿ.

ಉಜ್ಜುವುದು 80ರಿಂದ ಶುರುವಾಗಿ 120, 180, 220ಕ್ಕೆ ಬಂದು ನಿಲ್ಲಬೇಕು. ಮೈ ಚೆನ್ನಾಗಿದ್ದರೆ 120ರಿಂದಲೇ ಆಗುತ್ತದೆ. 80ರಿಂದ ನೇರ 220ಕ್ಕೆ ಹಾರಿದರೆ ಒರಟು ಗೀರುಗಳು ಉಳಿದುಕೊಂಡು, ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತವೆ. ಕೈ ಯಾವಾಗಲೂ ಮರದ ಎಳೆಯ ಉದ್ದಕ್ಕೆ ಓಡಬೇಕು. ಕಾಗದವನ್ನು ಸಣ್ಣ ಮರದ ತುಂಡಿಗೆ ಸುತ್ತಿ ಹಿಡಿಯಿರಿ. ಬೆರಳಲ್ಲಿ ಒತ್ತಿದರೆ ಹಳ್ಳ ಬೀಳುತ್ತದೆ. ಪ್ಲೈವುಡ್ ಮೇಲೆ ಅಂಟಿಸಿದ ತೆಳು ಮರದ ಹಾಳೆ, ಅಂದರೆ ವಿನೀರ್, ಅರ್ಧ ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದಕ್ಕೆ 80 ಮುಟ್ಟಿಸಲೇಬೇಡಿ.

ಇನ್ನು ಪಾಲಿಶೋ ಬಣ್ಣವೋ. ತೇಗ, ಬೀಟೆ, ಹಲಸು ಇದ್ದರೆ ಪಾಲಿಶ್. ಬೀಟೆಗೆ ಎನಾಮೆಲ್ ಬಳಿಯುವುದಕ್ಕೆ ನಾವಂತೂ ದಾರಿ ಹೇಳುವುದಿಲ್ಲ. ಜಂಗಲ್‌ವುಡ್, ಸಿಲ್ವರ್ ಓಕ್, ತೇಪೆ ಹಾಕಿದ ಪ್ಲೈವುಡ್‌ಗಳಿಗೆ ಬಣ್ಣ ಒಪ್ಪುತ್ತದೆ.

ಪಾಲಿಶ್‌ಗೆ 100 ಗ್ರಾಂ ಅರಗಿನ ಚಕ್ಕೆ, 650 ಮಿ.ಲೀ. ಸ್ಪಿರಿಟ್. ಅಂಗಡಿಯಲ್ಲಿ ಶೆಲಾಕ್ ಎಂದು ಕೇಳಿ. ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವುದೂ ಅರಗೇ; ಚುನಾವಣೆಯ ಶಾಯಿ ತಯಾರಿಸುವ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು. ಚಕ್ಕೆಯನ್ನು ಸ್ಪಿರಿಟ್ ಸಮೇತ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಆಗಾಗ ಕುಲುಕಿ, ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಕಲಸಿದ್ದನ್ನು ಆರು ತಿಂಗಳಿಗಿಂತ ಹೆಚ್ಚು ಇಡಬೇಡಿ. ಹಳೆಯದಾದರೆ ಎಷ್ಟು ದಿನ ಬಿಟ್ಟರೂ ಗಟ್ಟಿಯಾಗದೆ ಅಂಟುತ್ತಿರುತ್ತದೆ. ಅನುಮಾನವಿದ್ದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ಮಾರನೇ ದಿನ ಉಗುರಿನಿಂದ ಒತ್ತಿ ನೋಡಿ. ಸ್ಪಿರಿಟ್ ಬೆಂಕಿಗೆ ಕಾದಿರುತ್ತದೆ, ಒಲೆ-ದೀಪ ಇರುವ ಕೋಣೆಯಲ್ಲಿ ಬಾಟಲಿ ತೆರೆಯಬೇಡಿ.

ಹಿಡಿಯಷ್ಟು ಹತ್ತಿಯನ್ನು ಹಳೇ ಪಂಚೆಯ ಬಟ್ಟೆಯಲ್ಲಿ ಸುತ್ತಿ ಗಂಟು ಮಾಡಿ. ಪಾಲಿಶ್ ಹತ್ತಿಗೆ ಹಾಕಬೇಕು. ಒತ್ತಿದರೆ ಬಟ್ಟೆ ಒದ್ದೆಯಾಗುವಷ್ಟು ಮಾತ್ರ, ತೊಟ್ಟಿಕ್ಕಬಾರದು. ಒಂದು ಅಂಚಿನಿಂದ ಶುರುವಾಗಿ ಇನ್ನೊಂದು ಅಂಚಿನ ಹೊರಗೆ ಜಾರುವ ಹಾಗೆ ಎಳೆಯುತ್ತಾ ಹೋಗಿ. ನಡುವೆ ಕೈ ನಿಲ್ಲಿಸಿದರೆ ಕೆಳಗಿನ ಪದರ ಕರಗಿ ಬಟ್ಟೆಯ ಅಚ್ಚು ಬೀಳುತ್ತದೆ. ಅರ್ಧ ಗಂಟೆಗೊಂದರಂತೆ ದಿನಕ್ಕೆ ಮೂರು ಕೋಟು, ಮಾರನೇ ದಿನ 400ರಿಂದ ಹಗುರವಾಗಿ ಉಜ್ಜಿ ಮತ್ತೆ ಮೂರು. ಎಂಟು-ಹತ್ತು ಕೋಟು ಆಗುವಷ್ಟರಲ್ಲಿ ಹೊಳಪು ಬಂದಿರುತ್ತದೆ. ಗಂಟು ಜಾರದೆ ಹಿಡಿದೆಳೆಯತೊಡಗಿದರೆ ಬಟ್ಟೆಯ ಮೇಲೆ ಒಂದೇ ಒಂದು ಹನಿ ಅಗಸೆ ಎಣ್ಣೆ.

ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಸ್ಪಿರಿಟ್ ಹಾರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಒಳಗೆ ಸಿಕ್ಕಿಕೊಳ್ಳುತ್ತದೆ, ಪಾಲಿಶ್ ಹಾಲಿನಂತೆ ಬೆಳ್ಳಗಾಗುತ್ತದೆ. ಮಲೆನಾಡು, ಕರಾವಳಿಯವರು ಡಿಸೆಂಬರ್ ತನಕ ಕಾಯುವುದೇ ಲೇಸು. ಬೆಳ್ಳಗಾಗಿಬಿಟ್ಟರೆ, ಒಣ ದಿನ ನೋಡಿ, ಸ್ಪಿರಿಟ್ ಸೋಕಿಸಿದ ಗಂಟನ್ನು ಬೇಗ ಬೇಗ ಸವರಿದರೆ ಬಹುಪಾಲು ಹೋಗುತ್ತದೆ. ಬಿಸಿ ಕಾಫಿ ಲೋಟದ ಬಿಳಿ ಉಂಗುರಕ್ಕೂ ಇದೇ ಮದ್ದು. ಊಟದ ಮೇಜಿಗೆ ಮಾತ್ರ ಅರಗು ಸಲ್ಲದು. ಬಿಸಿ ಪಾತ್ರೆಗೆ ಮೆತ್ತಗಾಗುತ್ತದೆ, ಅಲ್ಲಿ ಪಿಯು ಹಾಕಿ.

ಬಣ್ಣಕ್ಕೆ ಹೊರಟವರು ಗೋಡೆಯ ಪುಟ್ಟಿ ಬಳಸಬೇಡಿ. ಸಿಮೆಂಟಿನದು, ಮರದ ಹಿಗ್ಗು-ಕುಗ್ಗಿಗೆ ಬಿರಿಯುತ್ತದೆ. ಗುಳಿಗೆ ವುಡ್ ಪುಟ್ಟಿ ತುಂಬಿ, 180ರಿಂದ ಉಜ್ಜಿ, ವುಡ್ ಪ್ರೈಮರ್ ಒಂದು ಕೋಟು. ಮಾರನೇ ದಿನ 220ರಿಂದ ಉಜ್ಜಿ, ಹತ್ತರಲ್ಲಿ ಒಂದು ಪಾಲು ಟರ್ಪೆಂಟೈನ್ ಬೆರೆಸಿದ ಎನಾಮೆಲ್. ಎರಡನೇ ಕೋಟು ಇನ್ನೊಂದು ರಾತ್ರಿ ಕಳೆದ ಮೇಲೆ, ನಡುವೆ 320. ಒಂದು ಕುರ್ಚಿಯ ಎರಡು ಕೋಟಿಗೆ 250ರಿಂದ 300 ಮಿ.ಲೀ. ಸಾಕು. ಒಂದೇ ದಪ್ಪ ಕೋಟಿನಲ್ಲಿ ಮುಗಿಸಲು ಹೋದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿ ಉಳಿದು ಸುಕ್ಕಾಗುತ್ತದೆ.

ಹೊನ್ನೆ ಮರಕ್ಕೆ ಬಿಳಿ ಬಣ್ಣ ಬಳಿಯುವವರು ಇದೊಂದನ್ನು ಗಮನಿಸಿ. ಹೊನ್ನೆಯ ಲೋಟದಲ್ಲಿ ನೀರಿಟ್ಟರೆ ಬಣ್ಣ ಬಿಡುವುದು ಗೊತ್ತಿದ್ದದ್ದೇ. ನೀರು ಬೆರೆಸುವ ಪೇಂಟಿನ ಕೆಳಗೂ ಅದು ಹಾಗೆಯೇ ಬಿಡುತ್ತದೆ, ವಾರದೊಳಗೆ ಹಳದಿ-ಕಂದು ಮಚ್ಚೆಗಳು ಏಳುತ್ತವೆ. ಪ್ರೈಮರ್‌ಗಿಂತ ಮೊದಲು ಮೇಣ ತೆಗೆದ ಅರಗಿನ ಎರಡು ತೆಳು ಕೋಟು ಕೊಟ್ಟರೆ ತಡೆಯುತ್ತದೆ. ತೇಗದ ತೊಂದರೆ ಬೇರೆ: ಮರದ ಸಹಜ ಎಣ್ಣೆಯಿಂದ ಎನಾಮೆಲ್ ಒಣಗುವುದು ತಡ. ಬಣ್ಣಕ್ಕೆ ಸ್ವಲ್ಪ ಮುಂಚೆ ಥಿನ್ನರ್‌ನಿಂದ ಒರೆಸಿಕೊಳ್ಳಿ.

ಎನಾಮೆಲ್ ಮುಟ್ಟಿದರೆ ಒಣಗಿದಂತಿದ್ದರೂ ಗಟ್ಟಿಯಾಗಲು ಎರಡು ವಾರ ಬೇಕು. ಅಷ್ಟರೊಳಗೆ ಮೇಲೆ ಪೇಪರ್, ಪ್ಲಾಸ್ಟಿಕ್ ಹಾಸಬೇಡಿ, ಅಂಟಿಕೊಂಡು ಅಚ್ಚು ಬೀಳುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಸಿಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ.