ಕಟ್ಟಡದ ಫೋಟೊ: ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ

ಕಟ್ಟಡದ ಫೋಟೊ ತೆಗೆಯುವ ಕೆಲಸ ಬಂದಾಗ ನಾನು ಮೊದಲು ಕೇಳುವುದು ಎರಡನ್ನು. ಉತ್ತರ ದಿಕ್ಕು ಗುರುತಿಸಿರುವ ಸೈಟ್ ಪ್ಲಾನ್ ಒಂದು. ಈ ಕಟ್ಟಡದಲ್ಲಿ ಆರ್ಕಿಟೆಕ್ಟ್ ಬಿಡಿಸಿದ ತೊಡಕು ಯಾವುದು ಎಂಬ ಪ್ರಶ್ನೆಗೆ ಉತ್ತರ ಇನ್ನೊಂದು. ಎರಡನೆಯದೇ ಮುಖ್ಯ. ಇಕ್ಕಟ್ಟಿನ ನಿವೇಶನದಲ್ಲಿ ನಡುಮನೆಗೆ ಬೆಳಕು ತಂದಿದ್ದೇನೆ ಎಂದು ಅವರು ಹೇಳಿದರೆ, ಆ ಬೆಳಕಿಂಡಿ ಮತ್ತು ಅದರಿಂದ ಬೆಳಗಿದ ನಡುಮನೆ ಒಂದೇ ಫ್ರೇಮಿನಲ್ಲಿ ಬರಬೇಕು. ಅದೊಂದು ಬಾರದಿದ್ದರೆ, ಮುಂಭಾಗದ ಚಿತ್ರಗಳು ಎಷ್ಟೇ ಚೆನ್ನಾಗಿದ್ದರೂ ಕೆಲಸ ಮುಗಿದಿಲ್ಲ ಎಂದೇ ನನ್ನ ಲೆಕ್ಕ. ಕಟ್ಟಡಕ್ಕೆ ಕಾಲಿಡದವರೆಲ್ಲ ಅದನ್ನು ಅರಿಯುವುದು ಈ ಚಿತ್ರಗಳಿಂದಲೇ.

ಚಿತ್ರೀಕರಣಕ್ಕೆ ಮುಂಚೆ ಒಂದು ದಿನ ಬರಿ ಫೋನು, ದಿಕ್ಸೂಚಿ ಹಿಡಿದು ಸುತ್ತುತ್ತೇನೆ. ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ ಎಂದು ಸೂರ್ಯಪಥ ತೋರಿಸುವ ಆ್ಯಪ್‌ನಲ್ಲಿ ನೋಡಿ ಪ್ಲಾನ್ ಮೇಲೆಯೇ ಗಂಟೆ ಬರೆದುಕೊಳ್ಳುತ್ತೇನೆ. ಬಿಸಿಲು ಗೋಡೆಗೆ ನೇರವಾಗಿ ಬಿದ್ದರೆ ಎಲ್ಲವೂ ಚಪ್ಪಟೆ. ಗೋಡೆಯನ್ನು ಸವರಿಕೊಂಡು, 15ರಿಂದ 20 ಡಿಗ್ರಿ ಓರೆಯಲ್ಲಿ ಬಂದರೆ ಇಟ್ಟಿಗೆಯ ಸಂದು, ಕಾಂಕ್ರೀಟಿನ ಮೇಲೆ ಉಳಿದ ಹಲಗೆಯ ಗೆರೆ ಎದ್ದು ಕಾಣುತ್ತವೆ. ಆದರೆ ಆ ಬೆಳಕು ಗಾರೆಯ ಉಬ್ಬುತಗ್ಗನ್ನೂ ಬಿಡದೆ ತೋರಿಸುತ್ತದೆ. ಹಾಗಾಗಿ ನಯವಾದ ಬಿಳಿ ಗೋಡೆಗೆ 40 ಡಿಗ್ರಿ ಆಸುಪಾಸಿನ ಬೆಳಕನ್ನೇ ಆರಿಸಿಕೊಳ್ಳುತ್ತೇನೆ. ಕರ್ಕಾಟಕ ವೃತ್ತದಿಂದ ಉತ್ತರಕ್ಕಿರುವ ಊರುಗಳಲ್ಲಿ ಉತ್ತರದ ಗೋಡೆಗೆ ಬಿಸಿಲು ಬೀಳುವುದು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ, ಅದೂ ನಡುಹಗಲು ಬಿಟ್ಟು ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ. ಉಳಿದ ತಿಂಗಳುಗಳಲ್ಲಿ ಆ ಮುಖಕ್ಕೆ ಮೋಡದ ಬೆಳಕು, ಇಲ್ಲವೇ ಮುಸ್ಸಂಜೆ. ಮೋಡ ಕವಿದ ದಿನವನ್ನು ಹಾಳು ದಿನ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಫೋಟೊಗ್ರಾಫರುಗಳಾದ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ನೀರಿನ ಗೋಪುರಗಳನ್ನು, ಗಣಿಗಳ ಕಟ್ಟಡಗಳನ್ನು ಮೋಡದ ಬೆಳಕಿನಲ್ಲೇ ಬೇಕೆಂದು ತೆಗೆದರು. ನೆರಳಿಲ್ಲದಿದ್ದರೆ ಆಕಾರವೊಂದೇ ಉಳಿಯುತ್ತದೆ.

ಇನ್ನು ಗೋಡೆ ನೆಟ್ಟಗೆ ನಿಲ್ಲುವ ವಿಷಯ. ಕ್ಯಾಮೆರಾದ ಸೆನ್ಸರ್ ಕಟ್ಟಡಕ್ಕೆ ಸಮಾನಾಂತರವಾಗಿದ್ದರೆ ಮಾತ್ರ ಲಂಬ ಗೆರೆಗಳು ಲಂಬವಾಗಿ ಉಳಿಯುತ್ತವೆ. ಮೇಲ್ಮುಖ ಮಾಡಿದ ಕ್ಷಣ ಮೇಲೆ ಒಂದಕ್ಕೊಂದು ಹತ್ತಿರವಾಗುತ್ತವೆ. ಇದಕ್ಕೆ ಮದ್ದು ಶಿಫ್ಟ್ ಲೆನ್ಸ್. ಕ್ಯಾಮೆರಾವನ್ನು ಮಟ್ಟವಾಗಿಟ್ಟು ಲೆನ್ಸನ್ನಷ್ಟೇ ಮೇಲಕ್ಕೆ ಸರಿಸುವುದು. ಕ್ಯಾನನ್ 24 ಮಿ.ಮೀ. ಟಿಎಸ್-ಇ ಎರಡನೇ ಆವೃತ್ತಿ 12 ಮಿ.ಮೀ. ಸರಿಯುತ್ತದೆ. ಈ ಲೆಕ್ಕ ಬಾಯಲ್ಲಿದ್ದರೆ ಜಾಗದಲ್ಲಿ ತಡಕಾಡಬೇಕಿಲ್ಲ. 36×24 ಮಿ.ಮೀ. ಸೆನ್ಸರ್ ಅಡ್ಡಲಾಗಿದ್ದಾಗ ಪೂರ್ತಿ 12 ಮಿ.ಮೀ. ಏರಿಸಿದರೆ ಫ್ರೇಮಿನ ಮೇಲಂಚು ಸರಿಯಾಗಿ 45 ಡಿಗ್ರಿ ನೋಡುತ್ತದೆ. ಅಂದರೆ 20 ಮೀಟರ್ ದೂರದಲ್ಲಿ ನಿಂತರೆ ಕ್ಯಾಮೆರಾದ ಎತ್ತರಕ್ಕಿಂತ 20 ಮೀಟರ್ ಮೇಲಿನವರೆಗೆ ಸಿಗುತ್ತದೆ. ಆದರೆ ದಿಗಂತ ಫ್ರೇಮಿನ ಕೆಳ ಅಂಚಿಗೆ ಬಂದುಬಿಡುವುದರಿಂದ ನೆಲವೇ ಕಾಣುವುದಿಲ್ಲ, ಕಟ್ಟಡ ಗಾಳಿಯಲ್ಲಿ ತೇಲಿದಂತಿರುತ್ತದೆ. ಅದೇ ಸೆನ್ಸರನ್ನು ನಿಲ್ಲಿಸಿ 12 ಮಿ.ಮೀ. ಏರಿಸಿದರೆ ದೂರದ ಒಂದೂಕಾಲು ಪಟ್ಟು ಎತ್ತರ ಸಿಗುತ್ತದೆ, 20 ಮೀಟರಿಗೆ 25. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 6 ಮೀಟರ್ ಮುಂದಿನಿಂದ ನೆಲವೂ ಬರುತ್ತದೆ. ಎತ್ತರದ ಕಟ್ಟಡಕ್ಕೆ ನಾನು ನಿಲುವು ಫ್ರೇಮನ್ನೇ ಹಿಡಿಯುವುದು ಇದಕ್ಕಾಗಿ.

ಬಹಳ ಎತ್ತರದ ಗೋಪುರವನ್ನು ಹತ್ತಿರದಿಂದ ಪೂರ್ತಿ ನೆಟ್ಟಗೆ ಮಾಡಿದರೆ ತಲೆಭಾಗ ಅಗಲವಾಗಿ ಮುಂದಕ್ಕೆ ಬಾಗಿದಂತೆ ಕಾಣುತ್ತದೆ. ಮೇಲೆ ನೋಡಿದಾಗ ಗೆರೆಗಳು ಸ್ವಲ್ಪ ಕೂಡುವುದು ಕಣ್ಣಿಗೆ ರೂಢಿ. ಅಂಥ ಕಡೆ ತಿದ್ದುಪಡಿಯಲ್ಲಿ ಹತ್ತರಲ್ಲೊಂದು ಪಾಲು ಬಿಟ್ಟುಬಿಡುತ್ತೇನೆ.

ಶಿಫ್ಟ್ ಲೆನ್ಸಿನಲ್ಲಿ ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಲೆನ್ಸ್ ಸರಿಸಿದ ಮೇಲೆ, ಒಳಗೆ ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಬೆಳಕು ಅಳೆಯುವ ಮೀಟರ್ ತಪ್ಪು ಹೇಳುತ್ತದೆ. ಸರಿಸುವ ಮುಂಚೆಯೇ ಮ್ಯಾನ್ಯುಯಲ್‌ನಲ್ಲಿ ಎಕ್ಸ್‌ಪೋಷರ್ (ಒಳಬಿಡುವ ಬೆಳಕಿನ ಪ್ರಮಾಣ) ಕಟ್ಟಬೇಕು. ದಪ್ಪ ಅಂಚಿನ ಫಿಲ್ಟರ್ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ. ಎಡಕ್ಕೂ ಬಲಕ್ಕೂ ಸರಿಸಿ ಎರಡು ಚಿತ್ರ ಹೊಲಿಯುವಾಗ, ಸರಿಯುವುದು ಲೆನ್ಸ್ ಆದ್ದರಿಂದ ನೋಟದ ಬಿಂದುವೂ ಸರಿದು ಹತ್ತಿರದ ಕಂಬ ಎರಡಾಗಿ ಕಾಣುತ್ತದೆ. ಲೆನ್ಸಿಗೇ ಕಾಲರ್ ಹಾಕಿ ಟ್ರೈಪಾಡಿಗೆ ಕಟ್ಟಿ, ಕ್ಯಾಮೆರಾ ಹಿಂದೆ ಓಡಾಡುವಂತೆ ಮಾಡಿದರೆ ಹೊಲಿಗೆ ಚೊಕ್ಕವಾಗಿ ಕೂರುತ್ತದೆ. ಟ್ರೈಪಾಡಿಗೆ ಗುಂಡಿನ ಮೇಲೆ ಎಲ್ಲ ಕಡೆ ತಿರುಗುವ ಬಾಲ್ ಹೆಡ್ ಬೇಡ. ಒಂದು ಅಕ್ಷ ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಹಲ್ಲಿನ ಗಾಲಿಯಿರುವ ಗೇರ್ಡ್ ಹೆಡ್ಡಿನಲ್ಲಿ ಮೂರು ಅಕ್ಷಗಳನ್ನೂ ಒಂದೊಂದಾಗಿ ತಿರುಗಿಸಬಹುದು. ಟಿಲ್ಟನ್ನು, ಅಂದರೆ ಲೆನ್ಸನ್ನು ಬಾಗಿಸುವುದನ್ನು, ನಾನು ಬಳಸುವುದು ಅಪರೂಪ, ಮುಂದಿನ ನೆಲಹಾಸಿನಿಂದ ಹಿಂದಿನ ಗೋಡೆಯ ಬುಡದವರೆಗೆ ಎಲ್ಲವೂ ಚೂಪಾಗಿ ಬೇಕಾದಾಗ ಮಾತ್ರ. ಒಂದೂವರೆ ಮೀಟರ್ ಎತ್ತರದಲ್ಲಿ 24 ಮಿ.ಮೀ. ಲೆನ್ಸಿಗೆ ಸುಮಾರು 1 ಡಿಗ್ರಿ ಸಾಕು. ಅದಕ್ಕಿಂತ ಹೆಚ್ಚು ತಿರುಗಿಸಿ ಕಟ್ಟಡದ ಮೇಲ್ಭಾಗ ಮಸುಕು ಮಾಡಿಕೊಳ್ಳುವವರೇ ಹೆಚ್ಚು.

ಒಳಾಂಗಣದಲ್ಲಿ ಕಷ್ಟ ಬೇರೆ. ಕ್ಯಾಮೆರಾವನ್ನು ನಿಂತವರ ಕಣ್ಣಿನ ಎತ್ತರಕ್ಕೆ ಇಟ್ಟರೆ ಬರೀ ನೆಲ, ಮೇಜಿನ ಮೇಲ್ಮೈ. ಹಾಲ್‌ನಲ್ಲಿ 1.2 ಮೀಟರ್, ಮಲಗುವ ಕೋಣೆಯಲ್ಲಿ 1 ಮೀಟರ್ ಆಸುಪಾಸಿನಿಂದ ಶುರುಮಾಡುತ್ತೇನೆ. ಅಡುಗೆಮನೆಯಲ್ಲಿ ಕಟ್ಟೆಯ ಮೇಲ್ಮೈ ತೆಳುವಾಗಿ ಕಾಣಬೇಕು, ಆದ್ದರಿಂದ ಅದಕ್ಕಿಂತ 30 ಸೆಂ.ಮೀ. ಮೇಲೆ. ಕೋಣೆ ದೊಡ್ಡದಾಗಿ ಕಾಣಲಿ ಎಂದು 17 ಮಿ.ಮೀ.ನ ಅಗಲನೋಟದ ಲೆನ್ಸ್ ಹಾಕುವುದು ಸುಲಭದ ದಾರಿ, ಆದರೆ ಫ್ರೇಮಿನ ಮೂಲೆಗೆ ಬಂದ ದುಂಡು ಮೇಜು ಮೊಟ್ಟೆಯಾಗುತ್ತದೆ, ಸೋಫಾ ಎರಡಾಳು ಉದ್ದವಾಗುತ್ತದೆ. ಬಾಗಿಲಾಚೆ ಹೋಗಿ ಬೆನ್ನು ಗೋಡೆಗಂಟಿಸಿ ನಿಂತು 24 ಅಥವಾ 35ರಲ್ಲಿ ತೆಗೆದದ್ದೇ ಕೋಣೆಗೆ ನಿಜವಾದ ಚಿತ್ರ. ಕುರ್ಚಿಗಳನ್ನು ಕೋಣೆಯ ಲೆಕ್ಕದಲ್ಲಿ ಸಾಲಾಗಿಟ್ಟರೆ ಪ್ರಯೋಜನವಿಲ್ಲ. ಕ್ಯಾಮೆರಾಗೆ ಕೇಬಲಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿ, ಪರದೆಯಲ್ಲಿ ಕಾಲಿಗೆ ಕಾಲು ತಾಗದಂತೆ ಒಂದೊಂದನ್ನೂ ಸರಿಸಬೇಕು. ಒಂದು ಫ್ರೇಮಿಗೆ ಹೋಗುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಮೀಸಲು.

ಬೆಳಕಿನ ಬಣ್ಣಗಳು ಬೆರೆಯುವುದೇ ಒಳಾಂಗಣದ ದೊಡ್ಡ ತಲೆನೋವು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಹೆಚ್ಚಾದಷ್ಟು ನೀಲಿ. ಕಿಟಕಿಯಿಂದ ಬರುವುದು ಸುಮಾರು 5500 ಕೆಲ್ವಿನ್, ದೀಪಗಳದ್ದು 3000. ಎರಡನ್ನೂ ಒಂದೇ ಫ್ರೇಮಿನಲ್ಲಿ ಹಿಡಿದರೆ ಬಿಳಿ ಗೋಡೆಯ ಅರ್ಧ ನೀಲಿ, ಅರ್ಧ ಹಳದಿ. ಟ್ರೈಪಾಡ್ ಅಲುಗಿಸದೆ ನಾನು ಮೂರು ಗುಂಪು ತೆಗೆಯುತ್ತೇನೆ. ಮೊದಲು ದೀಪವೆಲ್ಲ ಆರಿಸಿ ಬರೀ ಕಿಟಕಿ ಬೆಳಕಿನಲ್ಲಿ, ಎರಡು ಸ್ಟಾಪ್ ಅಂತರದ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಐದು ಎಕ್ಸ್‌ಪೋಷರ್. ಆಮೇಲೆ ದೀಪ ಹಾಕಿ ಒಂದು. ಕೊನೆಗೆ ಚಾವಣಿಗೆ ಫ್ಲ್ಯಾಶ್ ಹೊಡೆದು ಒಂದೆರಡು, ಮರದ ನಿಜಬಣ್ಣ ಸಿಗಲೆಂದು. ಕಂಪ್ಯೂಟರಿನಲ್ಲಿ ಇವನ್ನು ಪದರಗಳಾಗಿ ಬೆರೆಸುವಾಗ ಮೊದಲ ಗುಂಪಿನ ಚಿತ್ರವೇ ತಳಪಾಯ. ದೀಪದ ಪದರವನ್ನು 30–40 ಶೇಕಡ ಮಾತ್ರ ಮೇಲೆ ಹಾಕುತ್ತೇನೆ, ದೀಪ ಉರಿಯುತ್ತಿದೆ ಎಂದು ತಿಳಿಯುವಷ್ಟು. ಹಲವು ಎಕ್ಸ್‌ಪೋಷರ್‌ಗಳನ್ನು ತಂತಾನೇ ಬೆರೆಸಿ ಎಚ್‌ಡಿಆರ್ ಮಾಡುವ ಸಾಫ್ಟ್‌ವೇರಿಗೆ ಇದನ್ನು ಒಪ್ಪಿಸಿದರೆ ಮೂಲೆಗಳ ಕತ್ತಲು ಮಾಯವಾಗಿ ಕೋಣೆಗೆ ಆಳವೇ ಇರುವುದಿಲ್ಲ. ಕಿಟಕಿಯ ಹೊರಗಿನ ನೋಟ ಒಳಗಿಗಿಂತ ಒಂದು ಸ್ಟಾಪಿನಷ್ಟು ಬೆಳ್ಳಗೇ ಇರಲಿ. ಒಳಗೂ ಹೊರಗೂ ಸಮನಾದರೆ ಗೋಡೆಗೆ ಅಂಟಿಸಿದ ಪಟದಂತೆ ಕಾಣುತ್ತದೆ.

ಮುಸ್ಸಂಜೆಯ ಚಿತ್ರವನ್ನು ಎಲ್ಲರೂ ಕೇಳುತ್ತಾರೆ, ಎಷ್ಟು ಬೇಗ ಕೈತಪ್ಪುತ್ತದೆ ಎಂಬುದು ಗೊತ್ತಿರುವವರು ಕಡಿಮೆ. ಒಳಗಿನ ದೀಪ ಮತ್ತು ಆಕಾಶ ಸರಿದೂಗುವುದು ಸೂರ್ಯ ದಿಗಂತಕ್ಕಿಂತ 4ರಿಂದ 6 ಡಿಗ್ರಿ ಕೆಳಗಿರುವಾಗ. ಸಮಭಾಜಕದ ಹತ್ತಿರ ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಇಳಿಯುವುದರಿಂದ ಇದು ಬರೀ 8 ನಿಮಿಷ. ಧ್ರುವಗಳ ಕಡೆಗೆ ಹೋದಂತೆ ಹೆಚ್ಚು ಹೊತ್ತು ಸಿಗುತ್ತದೆ. ಆದ್ದರಿಂದ ಒಂದು ಸಂಜೆಗೆ ಒಂದೇ ಕೋನ. ಸೂರ್ಯ ಮುಳುಗುವ ಮುಂಚೆಯೇ ಫ್ರೇಮು ಕಟ್ಟಿ, ಲೆನ್ಸಿನ ಕಂಡಿ ಎಫ್ 8, ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100 ಇಟ್ಟು, ಎರಡು ನಿಮಿಷಕ್ಕೊಂದರಂತೆ ಕತ್ತಲಾಗುವವರೆಗೂ ತೆಗೆಯುತ್ತೇನೆ. ಪೂರ್ವದ ಆಕಾಶ ಮೊದಲು ಕಪ್ಪಾಗುತ್ತದೆ, ಪಶ್ಚಿಮದ್ದು ತಡವಾಗಿ. ಯಾವ ಕಡೆ ಮುಖಮಾಡಿದ್ದೇನೆ ಎಂಬುದರ ಮೇಲೆ ಆ 8 ನಿಮಿಷ ಹಿಂದೆಮುಂದೆ ಆಗುತ್ತದೆ. ಎಲ್ಲ ದೀಪಗಳೂ ಉರಿಯುತ್ತವೆಯೇ, ಬಣ್ಣ ಒಂದೇ ಇದೆಯೇ, ಕಿಟಕಿಯ ಬ್ಲೈಂಡುಗಳು ಒಂದೇ ಮಟ್ಟದಲ್ಲಿವೆಯೇ ಎಂದು ಮಧ್ಯಾಹ್ನವೇ ನೋಡಿಕೊಳ್ಳಬೇಕು. 1960ರಲ್ಲಿ ಫೋಟೊಗ್ರಾಫರ್ ಜೂಲಿಯಸ್ ಶುಲ್ಮನ್ ಲಾಸ್ ಏಂಜಲೀಸಿನ ಬೆಟ್ಟದಂಚಿನಲ್ಲಿ ಆರ್ಕಿಟೆಕ್ಟ್ ಪಿಯರ್ ಕೋನಿಗ್ ಕಟ್ಟಿದ ಗಾಜಿನ ಮನೆಯನ್ನು ತೆಗೆದದ್ದೂ ಬೆಳಕುಗಳನ್ನು ಹೀಗೆ ಬೇರ್ಪಡಿಸಿಯೇ. ಕೆಳಗಿನ ನಗರದ ದೀಪಗಳಿಗೆ ಸುಮಾರು 7 ನಿಮಿಷ ಶಟರ್ ತೆರೆದಿಟ್ಟು, ಆಮೇಲೆ ಒಳಗೆ ಕುಳಿತ ಇಬ್ಬರು ಹೆಂಗಸರಿಗೆ ಫ್ಲ್ಯಾಶ್ ಬಲ್ಬು. ಅವರು ಫಿಲ್ಮಿನಲ್ಲೇ ಮಾಡಿದ್ದನ್ನು ನಾವೀಗ ಪದರಗಳಲ್ಲಿ ಮಾಡುತ್ತೇವೆ.

ಅಳತೆ ತಿಳಿಯಲು ಜನ ಬೇಕು. ಅರ್ಧ ಸೆಕೆಂಡಿನಲ್ಲಿ ನಡೆಯುವವರು ಮಸುಕಾಗುತ್ತಾರೆ, ಮುಖ ಗುರುತು ಸಿಗುವುದಿಲ್ಲ. ಜನವೇ ಬೇಡವಾದರೆ ಹದಿನೈದಿಪ್ಪತ್ತು ಫ್ರೇಮು ತೆಗೆದು ಮೀಡಿಯನ್ ಲೆಕ್ಕದಲ್ಲಿ, ಅಂದರೆ ಪ್ರತಿ ಬಿಂದುವಿಗೂ ಎಲ್ಲ ಫ್ರೇಮುಗಳ ನಡುವಿನ ಬೆಲೆ ಆರಿಸಿ, ಒಂದುಗೂಡಿಸಬಹುದು.

ತಿದ್ದುವಾಗ ನನ್ನ ಗೆರೆ ಸ್ಪಷ್ಟ. ಕಸದ ಬುಟ್ಟಿ, ನಿಲ್ಲಿಸಿದ ಕಾರು, ಗಾಜಿನ ಮೇಲಿನ ಬೆರಳಚ್ಚು ತೆಗೆಯುತ್ತೇನೆ. ವಿದ್ಯುತ್ ಕಂಬ, ಪಕ್ಕದ ಮನೆ, ಗೋಡೆಯಲ್ಲಿರುವ ಏಸಿ ಯಂತ್ರ ಹಾಗೇ ಇರುತ್ತವೆ. ಸ್ಪರ್ಧೆಯ ತೀರ್ಪುಗಾರರು ಎಷ್ಟೋ ಸಲ ಕಟ್ಟಡ ನೋಡದೆ ಚಿತ್ರ ನೋಡಿಯೇ ತೀರ್ಮಾನಿಸುವಾಗ, ಶಾಶ್ವತವಾದದ್ದನ್ನು ಅಳಿಸುವುದು ಸುಳ್ಳು ಹೇಳಿದಂತೆಯೇ.

ದುಡ್ಡಿನ ಮಾತನ್ನು ಕೆಲಸಕ್ಕೆ ಮುಂಚೆ ಬರವಣಿಗೆಯಲ್ಲಿ ಮುಗಿಸಬೇಕು. ಮಾರುವುದು ಚಿತ್ರವನ್ನಲ್ಲ, ಬಳಸುವ ಹಕ್ಕನ್ನು: ಯಾರು, ಎಲ್ಲಿ, ಎಷ್ಟು ಕಾಲ. ಒಂದೇ ಕಟ್ಟಡದ ಚಿತ್ರ ಆರ್ಕಿಟೆಕ್ಟ್, ಒಳಾಂಗಣ ವಿನ್ಯಾಸಕರು, ದೀಪದ ಕಂಪನಿ, ಗುತ್ತಿಗೆದಾರರು ಎಲ್ಲರಿಗೂ ಬೇಕಾಗುತ್ತದೆ. ಮೊದಲೇ ಒಟ್ಟಿಗೆ ಸೇರಿಸಿದರೆ ಖರ್ಚು ಹಂಚಿಹೋಗುತ್ತದೆ, ಪ್ರತಿಯೊಬ್ಬರಿಗೂ ತಮ್ಮದೇ ಪರವಾನಗಿ ಸಿಗುತ್ತದೆ. ಹೀಗೆ ಬರೆದುಕೊಳ್ಳದಿದ್ದರೆ ಆರ್ಕಿಟೆಕ್ಟ್ ಕೊಟ್ಟ ಕಡತ ಕಿಟಕಿ ಕಂಪನಿಯ ಕ್ಯಾಟಲಾಗಿನಲ್ಲಿ ಕಾಣಿಸುತ್ತದೆ. ಎಷ್ಟೋ ಪತ್ರಿಕೆಗಳು ಎಲ್ಲೂ ಪ್ರಕಟವಾಗದ ಚಿತ್ರವನ್ನೇ ಕೇಳುತ್ತವೆ. ಪತ್ರಿಕೆಗೆ ಕಳಿಸುವ ಯೋಚನೆಯಿದ್ದರೆ ಅಲ್ಲಿಯವರೆಗೆ ಸಾಮಾಜಿಕ ಜಾಲತಾಣಕ್ಕೆ ಹಾಕಬಾರದು ಎಂಬುದೂ ಆ ಕಾಗದದಲ್ಲಿರಲಿ. ಒಂದು ದಿನಕ್ಕೆ 10ರಿಂದ 15 ಮುಗಿದ ಚಿತ್ರ ಎಂದು ಒಪ್ಪಿಕೊಂಡರೆ ತಿದ್ದಲು ಕನಿಷ್ಠ ಎರಡು ದಿನ ಬೇಕು. ದರ ಹೇಳುವಾಗ ಆ ದಿನಗಳೂ ಲೆಕ್ಕಕ್ಕೆ ಬರಬೇಕು.

ಹೊಸದಾಗಿ ಬರುವವರು ಕೆಲಸ ಹುಡುಕಿ ಬರಲಿ ಎಂದು ಕಾಯಬೇಕಿಲ್ಲ. ಫೋಟೊಗ್ರಾಫರ್ ಲೂಸಿಯನ್ ಹರ್ವೆ 1949ರಲ್ಲಿ ಫ್ರಾನ್ಸಿನ ಮಾರ್ಸೇಗೆ ಹೋಗಿ, ಆರ್ಕಿಟೆಕ್ಟ್ ಲ ಕಾರ್ಬ್ಯೂಸಿಯೆಯ ವಸತಿ ಸಮುಚ್ಚಯ ಇನ್ನೂ ಕಟ್ಟುತ್ತಿರುವಾಗಲೇ ಒಂದೇ ದಿನದಲ್ಲಿ 650 ಚಿತ್ರ ತೆಗೆದು ಅವರಿಗೇ ಕಳಿಸಿದರು. 1965ರಲ್ಲಿ ಕಾರ್ಬ್ಯೂಸಿಯೆ ತೀರಿಕೊಳ್ಳುವವರೆಗೂ ಹರ್ವೆ ಅವರ ಕಟ್ಟಡಗಳನ್ನು ತೆಗೆಯುತ್ತಿದ್ದರು. ಯಾರ ಅನುಮತಿಯೂ ಬೇಡದ ಒಂದು ಸಾರ್ವಜನಿಕ ಕಟ್ಟಡ ಆರಿಸಿ, ಬೆಳಿಗ್ಗೆ, ಮಧ್ಯಾಹ್ನ, ಮೋಡದಲ್ಲಿ, ಮುಸ್ಸಂಜೆಯಲ್ಲಿ ಅದೇ ಜಾಗದಿಂದ ತೆಗೆದು ಹೋಲಿಸಿ. ಅಂಥ ನಾಲ್ಕೈದು ಕಟ್ಟಡಗಳಿಂದ 15 ಚಿತ್ರ ಆರಿಸಿ, ಅವನ್ನು ಕಟ್ಟಿದ ಆರ್ಕಿಟೆಕ್ಟರಿಗೇ ಮೊದಲು ತೋರಿಸಿ. ಯಾವ ಕೋನ ಬಿಟ್ಟುಹೋಗಿದೆ ಎಂದು ಅವರಷ್ಟು ಖಚಿತವಾಗಿ ಬೇರೆಯವರು ಹೇಳಲಾರರು.