ರಾಯಚೂರು ಬಿಸಿಲಲ್ಲಿ ಚಿವಾವಾ: ನನ್ನ ಅನುಭವ

ಈ ಮೇ ತಿಂಗಳಿಗೆ ನಮ್ಮ ಪುಟ್ಟ ಚಿವಾವಾ ನಾಯಿ ಸಜ್ಜಿ ನಾಲ್ಕು ಬೇಸಿಗೆ ದಾಟಿದಳು. ಚಿವಾವಾ ತರ್ತೀನಿ ಅಂದಾಗ ಓಣಿಯವರದು ಒಂದೇ ಮಾತು: "ರಾಯಚೂರು ಬಿಸಿಲಿಗೆ ಅದು ತಡೀತದೇನ್ರಿ? ಸುಮ್ನೆ ಒಂದು ಮುಧೋಳ ನಾಯಿ ತರ್ರಿ." ನಾನು ಕೇಳಲಿಲ್ಲ. ಈ ಜಾತಿಯ ಮೂಲ ಮೆಕ್ಸಿಕೋ. ಹೆಸರು ಕೊಟ್ಟ ಚಿವಾವಾ ರಾಜ್ಯದಲ್ಲಿ ದೊಡ್ಡ ಮರುಭೂಮಿಯೇ ಇದೆ. ಇದು ಹಿಮದ ನಾಡಿನ ಹಸ್ಕಿ ಅಲ್ವಲ್ಲ.

ನಾನು ಮೊದಲು ಸೋತಿದ್ದು ಬಿಸಿಲಿಗಲ್ಲ. ಮೊದಲನೇ ಮರಿಗೆ 25 ಸಾವಿರದ ಹತ್ತಿರ ಕೊಟ್ಟಿದ್ದೆ. ಎರಡು ತಿಂಗಳಾಗಿದೆ ಅಂದಿದ್ದರು, ಹಲ್ಲು ನೋಡಿದರೆ ಐದಾರು ವಾರದ್ದು. ಮನೆಗೆ ಬಂದ ಮೂರನೇ ದಿನ ಭೇದಿ ಮಾಡಿತು. ಹೊಟ್ಟೆ ಸುಧಾರಿಸಲಿ ಅಂತ ರಾತ್ರಿ ಊಟ ನಿಲ್ಲಿಸಿದೆ. ದೊಡ್ಡ ನಾಯಿಗೆ ನಡೆಯುವ ಉಪವಾಸ ಇದಕ್ಕೆ ನಡೆಯಲ್ಲ. ಬೆಳಗಿನ ಜಾವ ಕಾಲು ತಡವರಿಸಿತು, ಕತ್ತು ವಾಲಿತು. ರಕ್ತದಲ್ಲಿ ಸಕ್ಕರೆ ಅಂಶ ಇಳಿದುಹೋಗಿತ್ತು. ದವಾಖಾನೆ ಬಾಗಿಲು ತೆಗೆಯುವ ಹೊತ್ತಿಗೆ ನನ್ನ ಟವೆಲ್ಲಿನಲ್ಲೇ ಹೋಯಿತು. ಆಮೇಲೆ ಒಂದು ವರ್ಷ ನಾನು ನಾಯಿ ಮಾತೇ ಎತ್ತಲಿಲ್ಲ.

ಸಜ್ಜಿಯನ್ನು ತಂದಾಗ ಅವಳಿಗೆ ಹನ್ನೆರಡು ವಾರ. ತಾಯಿಯನ್ನು ಕಣ್ಣಾರೆ ನೋಡಿಯೇ 30 ಸಾವಿರ ಎಣಿಸಿದೆ. ತೂಕ ಮುಕ್ಕಾಲು ಕಿಲೋ ಇರಲಿಲ್ಲ. ಒಂದು ತಿಂಗಳು ಹಗಲೆಲ್ಲ ಮೂರು ನಾಲ್ಕು ತಾಸಿಗೊಮ್ಮೆ ತಿನ್ನಿಸಿದೆ. ರಾತ್ರಿ 11ಕ್ಕೆ, ಮತ್ತೆ 4ಕ್ಕೆ ಅಲಾರಂ. ತಲೆದಿಂಬಿನ ಪಕ್ಕ ಜೇನಿನ ಬಾಟ್ಲಿ. ಒಮ್ಮೆ ಓಲಾಡಿದಳು. ಬೆರಳ ತುದಿಯಲ್ಲಿ ಒಸಡಿಗೆ ಜೇನು ಸವರಿದೆ. ಬಾಯಿಗೆ ಸುರಿಯಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಹತ್ತು ನಿಮಿಷಕ್ಕೆ ಕಣ್ಣು ತಿಳಿಯಾಯಿತು. ಊಟ ಕೊಟ್ಟು ನೇರ ಡಾಕ್ಟರ ಹತ್ತಿರ ಓಡಿದೆ.

ಇನ್ನು ಬಿಸಿಲು. ಕೂಲರ್ ಹಚ್ಚಿದೆ, ಗಾಳಿ ನೇರ ಬಡಿದು ನಡುಗಿದಳು. ಒದ್ದೆ ಬಟ್ಟೆ ಹಾಸಿದೆ, ಎಳೆದು ಬಾಗಿಲಿಗೆ ಒಯ್ದಳು. ಕೊನೆಗೆ ಕೆಲಸ ಮಾಡಿದ್ದು ಹರವಿ, ಅಂದರೆ ನೀರು ತುಂಬಿಡುವ ಮಣ್ಣಿನ ಮಡಕೆ. ಬಣ್ಣ ಹಚ್ಚದ, ಬಾಯಿ ಅಗಲವಿರುವ ದೊಡ್ಡ ಹರವಿಯನ್ನು ಬುಟ್ಟಿಯಲ್ಲಿ ಮರಳು ಹಾಕಿ ಅಡ್ಡ ಮಲಗಿಸಿದೆ. ಮೇಲೆ ಗೋಣಿಚೀಲ. ಮರಳಿಗೂ ಗೋಣಿಗೂ ದಿನಕ್ಕೆ ಮೂರು ಸಲ ನೀರು. ಒಳಗೆ ಮಾತ್ರ ಒಣ ಕಾಟನ್ ಪಂಚೆ. ಮೊದಲನೇ ಹರವಿ ಬರಿ ನೆಲಕ್ಕಿಟ್ಟು ಒಡೆಯಿತು. ಎರಡನೆಯದರ ಗೋಣಿ ಬೂಸಲು ಹಿಡಿಯಿತು. ಒಂದೊಂದಕ್ಕೆ ನೂರೈವತ್ತು, ಇನ್ನೂರು ಹೋಯಿತು. ಮೂರನೆಯದಕ್ಕೆ ಮರಳಿನ ಜೊತೆ ಇನ್ನೊಂದು ಬೆರೆಸಿದೆ. ಅದು ನನ್ನ ಹತ್ತಿರವೇ ಇರಲಿ. ಪಡಸಾಲೆಯಲ್ಲಿ 39 ಡಿಗ್ರಿ ಇದ್ದ ದಿನ ಒಳಗೆ 32ರ ಆಸುಪಾಸು ಇತ್ತು. ನಮ್ಮದು ಒಣ ಬಿಸಿಲು, ಅದಕ್ಕೇ ನಡೆಯಿತು. ಮಂಗಳೂರಿನ ಸೆಕೆಗೆ ಇದು ಆಗಲ್ಲ.

ಊಟದಲ್ಲೂ ಒಂದಿಷ್ಟು ಆಟ ಆಡಿದ್ದೇನೆ. ಕೋಳಿ ಬೇಯಿಸಿದ ನೀರಲ್ಲಿ ಜೋಳದ ರೊಟ್ಟಿ ನೆನೆಸಿ ಕೊಟ್ಟೆ, ಹೊಟ್ಟೆ ಉಬ್ಬಿತು. ಉಳ್ಳಾಗಡ್ಡಿಯಂತೂ ಯಾವ ನಾಯಿಗೂ ವಿಷ, ನಮ್ಮ ಅಡುಗೆಯಲ್ಲಿ ಅದಿಲ್ಲದ ಸಾರೇ ಇಲ್ಲ. ಅದಕ್ಕೆ ಅವಳ ಪಾತ್ರೆ ಬೇರೆ. ಈಗ ತೂಕ ಎರಡು ಕಿಲೋ ಚಿಲ್ಲರೆ, ತಿಂಗಳ ಖರ್ಚು ಒಂದೂವರೆ ಸಾವಿರ.

ಕೊರಳಪಟ್ಟಿ ಬೇಡ, ಗಂಟಲ ಕೊಳವೆ ನಾಜೂಕು. ಬೆಕ್ಕಿನ ಎದೆಬೆಲ್ಟ್ ಸರಿಯಾಗಿ ಕೂರುತ್ತದೆ. ಮಂಚದಿಂದ ಜಿಗಿದು ಮಂಡಿಚಿಪ್ಪು ಜಾರಿದ ಮೇಲೆ ಇಟ್ಟಿಗೆಯ ಮೆಟ್ಟಿಲು ಮಾಡಿದೆ. ಒಂದು ಹಾಲುಹಲ್ಲು ಬೀಳಲೇ ಇಲ್ಲ. ಮಕ್ಕಳಾಗದ ಆಪರೇಷನ್ ಜೊತೆಗೇ ಕೀಳಿಸಿದೆ, ಎರಡೂ ಸೇರಿ ಏಳು ಸಾವಿರದ ಹತ್ತಿರ.

ಇಷ್ಟೆಲ್ಲ ಯಾಕೆ ಅಂದರೆ, ನನ್ನ ಬೈಕಿನ ಸದ್ದು ಓಣಿ ತಿರುವಿನಲ್ಲಿ ಕೇಳಿದರೆ ಸಾಕು, ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಒಂದು ರಾತ್ರಿ ಸಿಲಿಂಡರ್ ಹತ್ತಿರ ನಿಂತು ಬೊಗಳುತ್ತಲೇ ಇದ್ದಳು, ಮುಂಗಾಲು ಎತ್ತಿಕೊಂಡು. ಟಾರ್ಚ್ ಬಿಟ್ಟರೆ ಚೇಳು. ನನ್ನ ಮಗಳು ಅಲ್ಲೇ ಬರಿಗಾಲಲ್ಲಿ ನಿಂತಿದ್ದಳು.

ಮುಧೋಳ ತರ್ರಿ ಅಂದಿದ್ದ ಎದುರುಮನೆ ಕಾಕಾ ಹೋದ ತಿಂಗಳು ಮರಿ ಕೇಳಿದರು. "ಮರಿ ಇಲ್ಲ ಕಾಕಾ. ಈ ಜಾತಿ ಮರಿಗೆ ತಲೆ ದೊಡ್ಡದು, ಎಷ್ಟೋ ಸಲ ಹೊಟ್ಟೆ ಕೊಯ್ದೇ ಹೆರಿಗೆ ಮಾಡಿಸ್ಬೇಕು. ಬೇಕಿದ್ರ ಹರವಿ ಇಡೋದು ಹೇಳಿಕೊಡ್ತೀನಿ" ಅಂದೆ. ಈಗ ಅವರ ಪಾಮೇರಿಯನ್ನೂ ಹರವಿಯಲ್ಲೇ ಮಲಗುತ್ತದೆ. ಮರಳಿಗೆ ಬೆರೆಸಿದ್ದು ಏನು ಅಂತ ಅವರಿಗೂ ಹೇಳಿಲ್ಲ.